ಅಜ್ಜಿಯನ್ನು ಬಿಟ್ಟು ಬರೆದ ಯೋಜನೆ

“ಮಗು ತನ್ನ ಕೋಣೆಯಲ್ಲಿ ಒಂಟಿಯಾಗಿ ಮಲಗುತ್ತದೆಯೇ?” ಮಕ್ಕಳ ಬೆಳವಣಿಗೆ ಅಳೆಯಲು ಹೊರದೇಶದಿಂದ ಬಂದ ಪ್ರಶ್ನಾವಳಿಗಳಲ್ಲಿ ಇಂಥದೊಂದು ಪ್ರಶ್ನೆ ಇರುವುದುಂಟು. ಬಂಟ್ವಾಳ ತಾಲೂಕಿನ ಮೆಲ್ಕಾರಿನ ತಾಯಿಯೊಬ್ಬಳ ಮುಂದೆ ಇದನ್ನಿಟ್ಟರೆ ಆಕೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಇಲ್ಲ ಎನ್ನುತ್ತಾಳೆ. ಮನೆಯಲ್ಲಿರುವುದೇ ಎರಡು ಕೋಣೆ, ಮಗು ಮಲಗುವುದು ಅಜ್ಜಿಯ ಮಗ್ಗುಲಲ್ಲಿ. ಇದೊಂದು ಕೊರತೆ ಎಂದು ಆ ಮನೆಯಲ್ಲಿ ಯಾರಿಗೂ ಅನಿಸಿಲ್ಲ. ಆದರೂ ಹಾಳೆಯಲ್ಲಿ ಒಂದು ಅಂಕ ಹೋಯಿತು. ಚಮಚ, ಫೋರ್ಕು ಹಿಡಿದು ಊಟ ಮಾಡುತ್ತದೆಯೇ? ಇಲ್ಲ. ಶೂ ಲೇಸು ಕಟ್ಟಿಕೊಳ್ಳುತ್ತದೆಯೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಹೊಯ್ಯುವ ಊರು ಇದು, ಹೊಸ್ತಿಲಿನ ಹೊರಗೇ ಚಪ್ಪಲಿ ಕಳಚುವ ಮನೆ. ಲೇಸಿನ ಪ್ರಶ್ನೆ ಏಳುವುದೇ ಶಾಲೆಗೆ ಸೇರಿದ ಮೇಲೆ. ಮತ್ತೆರಡು ಅಂಕ ಹೋಯಿತು. ಕೊನೆಗೆ ಕೂಡಿಸಿ ನೋಡಿದಾಗ ಮಗುವಿಗೆ ನಿಜವಾಗಿ ಇರುವ ತೊಂದರೆ ಎಷ್ಟು, ಪ್ರಶ್ನೆ ಬರೆದವರ ಊರು ಬೇರೆಯಾದದ್ದರಿಂದ ಅಂಟಿಕೊಂಡದ್ದು ಎಷ್ಟು ಎಂದು ಹೇಳುವುದೇ ಕಷ್ಟವಾಗುತ್ತದೆ.

ಆಟಿಸಂ, ಬುದ್ಧಿಮಾಂದ್ಯ ಇರುವ, ಮಾತು ತಡವಾದ ಮಕ್ಕಳಿಗೆ ಈಗ ನಮ್ಮ ಜಿಲ್ಲೆಯಲ್ಲೂ ‘ಬಿಹೇವಿಯರ್ ಥೆರಪಿ’ ಸಿಗುತ್ತಿದೆ. ಇದರ ಹಿಂದಿರುವ ಶಾಸ್ತ್ರ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಚಿಕ್ಕದಾಗಿ ಎಬಿಎ. ಕನ್ನಡದಲ್ಲಿ ಅನ್ವಯಿಕ ವರ್ತನಾ ವಿಶ್ಲೇಷಣೆ ಎನ್ನಬಹುದು. ಅದರ ಮೂಲ ತಿಳಿವಳಿಕೆ ಸರಳ. ಯಾವ ನಡವಳಿಕೆಗೂ ಹಿಂದೊಂದು ಸಂದರ್ಭ ಇರುತ್ತದೆ, ಮುಂದೊಂದು ಫಲ ಇರುತ್ತದೆ. ಫಲ ಸಿಕ್ಕಿದ ನಡವಳಿಕೆ ಬೇರು ಬಿಡುತ್ತದೆ, ಸಿಗದ್ದು ಬಾಡುತ್ತದೆ. ಮಗು ಯಾಕೆ ಕೂಗುತ್ತದೆ ಎಂದು ತಿಳಿಯಬೇಕಾದರೆ ಕೂಗುವ ಮೊದಲು ಏನಾಯಿತು, ಕೂಗಿದ ಮೇಲೆ ಅದಕ್ಕೆ ಏನು ಸಿಕ್ಕಿತು ಎಂದು ನೋಡಬೇಕು. ಸಿಗುವ ಫಲಗಳೂ ಬಹಳವಿಲ್ಲ: ಯಾರದೋ ಗಮನ, ಬೇಕಾದ ವಸ್ತು, ಬೇಡದ ಕೆಲಸದಿಂದ ಬಿಡುಗಡೆ, ಇಲ್ಲವೇ ಮೈಗೆ ಸಿಗುವ ಏನೋ ಒಂದು ಸಮಾಧಾನ.

ಇದನ್ನು ಒಂದು ಮನೆಯೊಳಗೆ ಇಟ್ಟು ನೋಡೋಣ. ಪಾಣೆಮಂಗಳೂರಿನ ಸೇತುವೆ ದಾಟಿ ಮೆಲ್ಕಾರಿಗೆ ಬಂದು, ಹೆದ್ದಾರಿ ಬಿಟ್ಟು ಮುಡಿಪು ರಸ್ತೆಗೆ ತಿರುಗಿದರೆ ಸಿಗುವ ಯಾವ ಮನೆಯಾದರೂ ಆದೀತು. ಐದು ವರ್ಷದ ಹುಡುಗ, ಆಟಿಸಂ ಇದೆ, ಮಾತು ಬಂದಿಲ್ಲ. ತಾಯಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾಳೆ. ತೊಡೆಯ ಮೇಲೆ ಗೆರಸೆ, ಅದರಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ನೆನೆಸಿ ಕತ್ತರಿಸಿಟ್ಟ ಎಲೆ. ಹೊತ್ತಿಗೆ ಸರಿಯಾಗಿ ಬ್ರಾಂಚಿಗೆ ಬೀಡಿ ಒಪ್ಪಿಸದಿದ್ದರೆ ಆ ದಿನದ ದುಡಿಮೆ ಹೋಯಿತು. ಹನ್ನೊಂದರ ಸುಮಾರಿಗೆ ಹುಡುಗ ಬಂದು ಗೆರಸೆ ಎಳೆಯುತ್ತಾನೆ. ತಾಯಿ ಕೈ ಸರಿಸುತ್ತಾಳೆ. ಅವನು ನೆಲಕ್ಕೆ ಬಿದ್ದು ಹಣೆ ಚಚ್ಚಿಕೊಳ್ಳುತ್ತಾನೆ. ಅಡುಗೆಮನೆಯಿಂದ ಅಜ್ಜಿ ಓಡಿ ಬಂದು, “ಮಗುವನ್ನು ಹೀಗೆ ಕೂಗಿಸುದಾ, ನಿಂಗೆ ಬೀಡಿಯೇ ದೊಡ್ಡದಾಯ್ತಾ?” ಎಂದು ಸೊಸೆಗೆ ಒಂದು ಮಾತು ಕೊಟ್ಟು, ಮೊಮ್ಮಗನನ್ನು ಸೊಂಟಕ್ಕೇರಿಸಿ ಡಬ್ಬದಿಂದ ಚಕ್ಕುಲಿ ತೆಗೆದು ಕೊಡುತ್ತಾರೆ. ಕೂಗು ನಿಲ್ಲುತ್ತದೆ.

ಕಲಿತವರ ಕಣ್ಣಿಗೆ ಇಲ್ಲಿ ಎಲ್ಲವೂ ಸ್ಪಷ್ಟ. ಮೊದಲು, ತಾಯಿಯ ಗಮನ ಇಲ್ಲ. ನಂತರ, ಅಜ್ಜಿಯ ಸೊಂಟ ಮತ್ತು ಚಕ್ಕುಲಿ. ಪುಸ್ತಕದ ಪ್ರಕಾರ ಹೋದರೆ ಫಲವನ್ನು ನಿಲ್ಲಿಸಬೇಕು. ಹಾಗಾಗಿ ಮಂಗಳೂರಿನ ಕೊಠಡಿಯಲ್ಲಿ ಕೂತು ಬರೆದ ಯೋಜನೆಯಲ್ಲಿ ಒಂದು ಸಾಲು ಬರುತ್ತದೆ: ಮಗು ಕೂಗುವಾಗ ಅಜ್ಜಿ ಹತ್ತಿರ ಹೋಗಬಾರದು, ತಿಂಡಿ ಕೊಡಬಾರದು.

ಮನೆಯಲ್ಲಿ ಆಗುವುದೇನು? ಫಲ ನಿಂತ ಮೊದಲ ದಿನಗಳಲ್ಲಿ ಕೂಗು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಇದು ಶಾಸ್ತ್ರಕ್ಕೂ ಗೊತ್ತಿರುವ ಸಂಗತಿಯೇ. ಆದರೆ ಆ ಕೂಗು ಬೇಲಿಯಾಚೆಯ ಮೂರು ಮನೆಗೆ ಕೇಳುತ್ತದೆ ಎನ್ನುವುದು ಶಾಸ್ತ್ರದಲ್ಲಿಲ್ಲ. ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. ಸಂಜೆ ಮಾವನಿಗೆ ಫೋನು ಹೋಗುತ್ತದೆ. ಅಜ್ಜಿ ಎರಡು ದಿನ ಸೆರಗು ಬಾಯಿಗೆ ಒತ್ತಿಕೊಂಡು ಕೂರುತ್ತಾರೆ, ಮೂರನೆಯ ದಿನ ಹಿತ್ತಿಲ ಬಾಗಿಲಲ್ಲಿ ಗುಟ್ಟಾಗಿ ಚಕ್ಕುಲಿ ಕೊಡುತ್ತಾರೆ. ಈಗ ಹುಡುಗ ಹೊಸತೊಂದನ್ನು ಕಲಿತಿದ್ದಾನೆ: ಸ್ವಲ್ಪ ಕೂಗಿದರೆ ಸಾಲದು, ಜಾಸ್ತಿ ಹೊತ್ತು ಕೂಗಬೇಕು. ಒಮ್ಮೆ ಕೊಟ್ಟು ಒಮ್ಮೆ ಬಿಟ್ಟ ಫಲ ನಡವಳಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ತಿಂಗಳ ನಂತರ ಕಡತದಲ್ಲಿ ಒಂದು ಷರಾ ಬೀಳುತ್ತದೆ: “ಕುಟುಂಬದ ಸಹಕಾರ ಇಲ್ಲ.” ಈ ಷರಾ ನನಗೆ ಸಿಟ್ಟು ತರಿಸುತ್ತದೆ. ಅಜ್ಜಿ ಅಸಹಕಾರ ಮಾಡಿದ್ದಲ್ಲ. ಯೋಜನೆ ಅವರನ್ನು ಒಂದು ಅಡ್ಡಿ ಎಂದು ಲೆಕ್ಕ ಹಾಕಿತ್ತು. ಅದಿರಲಿ, ಹಣೆ ಚಚ್ಚಿಕೊಳ್ಳುವ ಮಗುವನ್ನು ನೋಡಿಯೂ ಸುಮ್ಮನಿರಿ ಎಂದು ಬರೆಯುವುದು ಸುರಕ್ಷತೆಯ ದೃಷ್ಟಿಯಿಂದಲೂ ತಪ್ಪು.

ಅದೇ ಶಾಸ್ತ್ರದಲ್ಲಿ ಬೇರೊಂದು ದಾರಿಯೂ ಇದೆ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬ ಅಮೆರಿಕದ ಸಂಶೋಧಕರು ತೋರಿಸಿದ್ದು ಇದನ್ನೇ: ಕೂಗಿನಿಂದ ಮಗುವಿಗೆ ಏನು ಸಿಗುತ್ತದೋ ಅದನ್ನು ಕೇಳಿ ಪಡೆಯುವ ಸುಲಭ ದಾರಿ ಕಲಿಸಿ, ಆಗ ಕೂಗಿನ ಅಗತ್ಯ ಕಡಿಮೆಯಾಗುತ್ತದೆ. ಮೆಲ್ಕಾರಿನ ಮನೆಗೆ ಇದನ್ನು ತಂದರೆ ಹೀಗಿದ್ದೀತು. ಚಕ್ಕುಲಿ ಡಬ್ಬದ ಮುಚ್ಚಳವನ್ನು ಹುಡುಗನ ಕೈಗೆಟುಕುವಲ್ಲಿ ಇಡುವುದು. ಅವನು ಅದನ್ನೆತ್ತಿ ಅಜ್ಜಿಯ ಕೈಗೆ ಕೊಟ್ಟರೆ ತಡಮಾಡದೆ ಒಂದು ತುಂಡು ಚಕ್ಕುಲಿ, ಜೊತೆಗೆ ಸೊಂಟದ ಮೇಲೆ ಒಂದು ಸವಾರಿ. ಮೊದಮೊದಲು ತಾಯಿ ಹಿಂದಿನಿಂದ ಕೈ ಹಿಡಿದು ಮಾಡಿಸಬೇಕು. ಹನ್ನೊಂದಕ್ಕೆ ಅವನು ರಚ್ಚೆ ಹಿಡಿಯುತ್ತಾನೆ ಎಂದು ಗೊತ್ತಿರುವುದರಿಂದ ಹತ್ತೂವರೆಗೇ ಗೆರಸೆ ಕೆಳಗಿಟ್ಟು ಐದು ನಿಮಿಷ ಅವನೊಡನೆ ಕೂರಬೇಕು. ಮುಚ್ಚಳ ಕೊಟ್ಟು ಕೇಳಿದ ಪ್ರತಿಸಲವೂ ಅಜ್ಜಿ ಒಂದು ಹುಣಸೆ ಬೀಜವನ್ನು ಈ ತಟ್ಟೆಯಿಂದ ಆ ತಟ್ಟೆಗೆ ಹಾಕಿದರೆ ಸಂಜೆ ಎಣಿಸಲು ಲೆಕ್ಕ ಸಿಕ್ಕಿತು. ಓದು ಬರಹ ಬೇಕಿಲ್ಲ. ಬೀಡಿ ಎಣಿಸಿ ಕಟ್ಟು ಕಟ್ಟುವ ಮನೆಯವರಿಗೆ ಲೆಕ್ಕ ಇಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ತಿಂಡಿ ಕೊಟ್ಟು ಕೆಡಿಸುತ್ತಾರೆ ಎಂದು ಬೈಸಿಕೊಂಡ ಅಜ್ಜಿಯೇ ಈಗ ಮನೆಯ ಮುಖ್ಯ ಶಿಕ್ಷಕಿ.

ಸಂಸ್ಕೃತಿಗೆ ಸ್ಪಂದಿಸುವ ಸೇವೆ ಎಂದು ವೃತ್ತಿಯವರು ಇತ್ತೀಚೆಗೆ ಹೇಳತೊಡಗಿರುವುದು ಇದನ್ನೇ. ಶಾಸ್ತ್ರದ ಮೇಲೆ ಅಲಂಕಾರಕ್ಕೆ ಹೊದೆಸುವ ಶಾಲು ಇದಲ್ಲ. ಪರಿಸರವೇ ನಡವಳಿಕೆಯನ್ನು ರೂಪಿಸುತ್ತದೆ ಎಂದು ನಂಬಿದ ಶಾಸ್ತ್ರವು ಆ ಪರಿಸರದಲ್ಲಿ ಯಾರಿದ್ದಾರೆ, ಏನು ತಿನ್ನುತ್ತಾರೆ, ಯಾರ ಮಾತು ನಡೆಯುತ್ತದೆ ಎಂದು ವಿಚಾರಿಸದೆ ಹೊರಟರೆ ತನ್ನ ನಿಯಮವನ್ನು ತಾನೇ ಮುರಿದಂತೆ.

ಆ ನಿಯಮ ಹಳೆಯದು. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪ್ರಯೋಗಶಾಲೆಯಲ್ಲಿ ಇಲಿ, ಪಾರಿವಾಳಗಳ ಮೇಲೆ ಕಂಡುಕೊಂಡದ್ದನ್ನು ಮನುಷ್ಯರ ದಿನನಿತ್ಯದ ಬದುಕಿಗೆ ಹೇಗೆ ಅನ್ವಯಿಸಬೇಕು ಎಂದು ಬೇರ್, ವುಲ್ಫ್, ರಿಸ್ಲಿ ಎಂಬ ಮೂವರು 1968ರಲ್ಲಿ ಒಂದು ಲೇಖನ ಬರೆದರು. ಈ ಕ್ಷೇತ್ರಕ್ಕೆ ಅದು ಅಡಿಗಲ್ಲು. ಅದೇ ಮಾಂಟ್ರೋಸ್ ವುಲ್ಫ್ 1978ರಲ್ಲಿ ಇನ್ನೊಂದು ಲೇಖನ ಬರೆದು, ಆಯ್ದ ಗುರಿ ಆ ಕುಟುಂಬಕ್ಕೆ ಮುಖ್ಯವೇ, ಅನುಸರಿಸಿದ ಕ್ರಮ ಅವರಿಗೆ ಒಪ್ಪಿಗೆಯೇ, ಬಂದ ಫಲಿತಾಂಶದಿಂದ ಅವರಿಗೆ ತೃಪ್ತಿಯಾಯಿತೇ ಎಂದು ಅವರನ್ನೇ ಕೇಳಬೇಕು ಎಂದರು. ಕಣ್ಣಿಗೆ ಕಂಡದ್ದನ್ನು ಮಾತ್ರ ಅಳೆಯುತ್ತೇವೆ ಎಂದು ಹೆಮ್ಮೆಪಡುತ್ತಿದ್ದ ಜನರ ನಡುವೆ, ಮನಸ್ಸಿಗೆ ಏನನ್ನಿಸಿತು ಎಂದೂ ಕೇಳಿ ಎನ್ನುವುದಕ್ಕೆ ಧೈರ್ಯ ಬೇಕಿತ್ತು.

ಆದರೆ ಲೋಕದ ಕಿವಿಗೆ ಬಿದ್ದದ್ದು ಬೇರೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಐವರ್ ಲೋವಾಸ್ ತಮ್ಮ ಅಧ್ಯಯನ ಪ್ರಕಟಿಸಿದರು. ಆಟಿಸಂ ಇದ್ದ 19 ಪುಟ್ಟ ಮಕ್ಕಳಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ, ವಾರಕ್ಕೆ 40 ಗಂಟೆ, ಒಬ್ಬೊಬ್ಬರಿಗೆ ಒಬ್ಬೊಬ್ಬರಂತೆ ಕೂತು ತರಬೇತಿ ಕೊಟ್ಟಾಗ 9 ಮಕ್ಕಳು ಸಾಮಾನ್ಯ ತರಗತಿ ಸೇರುವ ಮಟ್ಟಕ್ಕೆ ಬಂದರು ಎಂಬ ವರದಿ ಅದು. ಜಗತ್ತಿನ ತುಂಬಾ ಅಪ್ಪ ಅಮ್ಮಂದಿರು ಈ ಸಂಖ್ಯೆಯ ಹಿಂದೆ ಓಡಿದರು. ಆ ಕಾರ್ಯಕ್ರಮದಲ್ಲಿ ಗದರುವುದು, ತೊಡೆಗೆ ಏಟು ಕೊಡುವುದೂ ಸೇರಿತ್ತು ಎನ್ನುವುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಅಂದಿನ ಮಕ್ಕಳ ಪೀಳಿಗೆ ಬೆಳೆದು ದೊಡ್ಡದಾದ ಮೇಲೆ, ಆಟಿಸಂ ಇರುವ ಎಷ್ಟೋ ಮಂದಿ ತಮ್ಮ ಅನುಭವ ಬರೆದರು. ಕೈ ಆಡಿಸುವುದನ್ನು ಬಿಡಿಸಿದರು, ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಬಲವಂತ ಮಾಡಿದರು, ನಾವು ನಾವಾಗಿರುವುದನ್ನೇ ತಪ್ಪು ಮಾಡಿದರು ಎಂಬ ದೂರು ಅದು. ಇದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಈ ವೃತ್ತಿಯವರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಮಂಡಳಿ 2022ರ ಜನವರಿ 1ರಿಂದ ಜಾರಿಗೆ ತಂದ ನೀತಿಸಂಹಿತೆಯಲ್ಲಿ ಸಾಂಸ್ಕೃತಿಕ ಸ್ಪಂದನಕ್ಕೆ ಪ್ರತ್ಯೇಕ ನಿಯಮವೊಂದನ್ನು ಸೇರಿಸಿತು. ಮರುವರ್ಷವೇ ಅದು ಕೆಲವು ದೇಶಗಳನ್ನು ಬಿಟ್ಟು ಉಳಿದೆಡೆಯಿಂದ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಹೀಗೆ ಅರ್ಜಿ ನಿಂತ ದೇಶಗಳಲ್ಲಿ ಭಾರತವೂ ಒಂದು. ಅಂದರೆ ಇನ್ನು ಮುಂದೆ ನಮ್ಮ ಮನೆಗೆ ಹೊಂದುವ ಕ್ರಮವನ್ನು ನಾವೇ ಹುಡುಕಿಕೊಳ್ಳಬೇಕು.

ಕಣ್ಣಲ್ಲಿ ಕಣ್ಣಿಡುವ ಮಾತು ಬಂತು. ನಮ್ಮ ಅಂಗವಿಕಲ ಪ್ರಮಾಣಪತ್ರಕ್ಕೆ ಆಟಿಸಂ ಅಳೆಯಲು ಬಳಸುವುದು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಐಎಸ್‌ಎಎ ಎಂಬ ಭಾರತೀಯ ಮಾಪಕವನ್ನು. ಅದರಲ್ಲಿ 40 ಅಂಶಗಳಿವೆ; ಒಟ್ಟು 70 ಅಂಕ ಮುಟ್ಟಿದರೆ ಆಟಿಸಂ ಎಂದು ಲೆಕ್ಕ. ಮೊಟ್ಟಮೊದಲ ಅಂಶವೇ ಕಣ್ಣೋಟದ್ದು! ರೋಗಲಕ್ಷಣ ಗುರುತಿಸಲು ಅದು ಬೇಕು, ಸರಿ. ಆದರೆ ಲಕ್ಷಣವನ್ನೇ ಪಾಠದ ಗುರಿ ಮಾಡಿಕೊಂಡು ‘ನನ್ನನ್ನು ನೋಡು’ ಎಂದು ದಿನಕ್ಕೆ ನೂರು ಸಲ ಗಲ್ಲ ಎತ್ತಿಸಿದರೆ ಯಾರಿಗೆ ಏನು ಲಾಭ? ಹಿರಿಯರು ಮಾತಾಡುವಾಗ ತಲೆ ತಗ್ಗಿಸಿ ನಿಲ್ಲು ಎಂದು ಉಳಿದ ಮಕ್ಕಳಿಗೆ ಕಲಿಸುವುದು ಇದೇ ಮನೆಯಲ್ಲಿ. ಮಗು ಕರೆದಾಗ ತಿರುಗಬೇಕು, ರಸ್ತೆಯಲ್ಲಿ ‘ನಿಲ್ಲು’ ಎಂದರೆ ನಿಲ್ಲಬೇಕು. ಮೆಲ್ಕಾರಿನ ಹೆದ್ದಾರಿ ದಾಟಿದವರಿಗೆ ಇದರ ಬೆಲೆ ಗೊತ್ತು. ಸಮಯ ಅದಕ್ಕೆ ಕೊಡಲಿ.

ನಮ್ಮವರು ಈ ದಿಕ್ಕಿನಲ್ಲಿ ಏನೂ ಮಾಡಿಲ್ಲ ಎಂದಲ್ಲ. ಸಾಂಸ್ಕೃತಿಕ ಸ್ಪಂದನ ಎಂಬ ಮಾತು ಅಮೆರಿಕದಲ್ಲಿ ಚಾಲ್ತಿಗೆ ಬರುವುದಕ್ಕೆ ಬಹಳ ಮೊದಲೇ, 1992ರಲ್ಲಿ, ಅದೇ ಸಿಕಂದರಾಬಾದ್ ಸಂಸ್ಥೆಯಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ‘ಬೇಸಿಕ್-ಎಂಆರ್’ ಎಂಬ ವರ್ತನಾ ಮಾಪಕ ಸಿದ್ಧಪಡಿಸಿದರು. ವೆಂಕಟೇಶನ್ ಮುಂದೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಆ ಮಾಪಕದ ಮೊದಲ ಭಾಗದಲ್ಲಿ ಏಳು ವಿಭಾಗ, ವಿಭಾಗಕ್ಕೆ 40ರಂತೆ 280 ಕೌಶಲಗಳು. ಚಲನೆ, ದಿನಚರಿ, ಭಾಷೆ, ಓದು ಬರಹ, ಸಂಖ್ಯೆ ಮತ್ತು ಸಮಯ, ಮನೆಗೆಲಸ ಮತ್ತು ಬಳಕೆ, ದುಡ್ಡು ಮತ್ತು ದುಡಿಮೆಯ ತಯಾರಿ. ಎರಡನೆಯ ಭಾಗದಲ್ಲಿ 75 ಸಮಸ್ಯೆಯ ನಡವಳಿಕೆಗಳು. ಇಲ್ಲಿನ ಶಾಲೆ, ಇಲ್ಲಿನ ಮಕ್ಕಳನ್ನು ಮುಂದಿಟ್ಟುಕೊಂಡು ಇಲ್ಲಿನವರು ಮಾಡಿದ್ದು. ಹೆಸರಿನಲ್ಲಿರುವ ‘ಎಂಆರ್’ (ಮೆಂಟಲ್ ರಿಟಾರ್ಡೇಶನ್) ಈಗ ಯಾರೂ ಒಪ್ಪದ ಪದವಾಯಿತು, ನಿಜ. ಆದರೂ ವಿಶೇಷ ಶಾಲೆಗಳ ಶಿಕ್ಷಕರು ಈ ಮಾಪಕವನ್ನು ಬಲ್ಲರು. ಹೊಸದಾಗಿ ಫಲಕ ಹಾಕಿಕೊಂಡ ಕೆಲವು ಕೇಂದ್ರಗಳಲ್ಲಿ ಮಾತ್ರ ಇನ್ನೂ ಹಿಮಮಾನವ, ಅಂಚೆ ಡಬ್ಬಿ, ಚೀನಿಕಾಯಿಗೆ ಕಣ್ಣು ಕೊರೆದ ಚಿತ್ರಗಳ ಕಾರ್ಡು ತೋರಿಸಿ “ವಾಟ್ ಈಸ್ ದಿಸ್?” ಎನ್ನುತ್ತಾರೆ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆ ಆ ಕಾರ್ಡುಗಳಲ್ಲಿ ಇಲ್ಲ.

ಯಾವ ಭಾಷೆಯಲ್ಲಿ ಕಲಿಸಬೇಕು ಎಂಬುದು ಬಂಟ್ವಾಳ ತಾಲೂಕಿನಲ್ಲಿ ಎಲ್ಲಕ್ಕಿಂತ ತೊಡಕಿನ ಪ್ರಶ್ನೆ. ಒಂದೇ ರಸ್ತೆಯ ಎರಡು ಬದಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ. ಅಂಗನವಾಡಿಯಲ್ಲಿ ಕನ್ನಡ, ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿಯಲ್ಲಿ ಇಂಗ್ಲಿಷ್, ಮೊಬೈಲಿನ ಪದ್ಯಗಳಲ್ಲಿ ಇನ್ನೊಂದು ಬಗೆಯ ಇಂಗ್ಲಿಷ್. ಮಾತು ತಡವಾದ ಮಗುವಿನ ಮನೆಯವರಿಗೆ ಸುಲಭವಾಗಿ ಸಿಗುವ ಸಲಹೆ, “ಒಂದೇ ಭಾಷೆ ಮಾತಾಡಿ, ಇಂಗ್ಲಿಷೇ ಆದರೆ ಒಳ್ಳೆಯದು.” ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಸಲಹೆ ಪಾಲಿಸಿದ ಮನೆಯಲ್ಲಿ ಆಗುವುದು ಇಷ್ಟು: ಇಂಗ್ಲಿಷ್ ಬಾರದ ಅಜ್ಜಿ ಮೊಮ್ಮಗನೊಡನೆ ಮಾತು ಕಡಿಮೆ ಮಾಡುತ್ತಾರೆ, ತಾಯಿ ನಾಲ್ಕು ಶಬ್ದಗಳಲ್ಲೇ ಸುತ್ತುತ್ತಾಳೆ, ಹತ್ತು ಜನರ ಮನೆಯಲ್ಲಿ ಮಗುವಿನೊಡನೆ ಮಾತಾಡುವವರು ಒಬ್ಬರೋ ಇಬ್ಬರೋ ಉಳಿಯುತ್ತಾರೆ. ಬೇಕಾದ್ದನ್ನು ಕೇಳುವುದೇ ಮೊದಲ ಮಾತು ಎಂಬುದು ಎಬಿಎಯಲ್ಲಿ ಮಾತು ಕಲಿಸುವ ಪದ್ಧತಿಯ ಆಧಾರ. ಅದರ ಬೇರು ಸ್ಕಿನ್ನರ್ 1957ರಲ್ಲಿ ಭಾಷೆಯ ಬಗ್ಗೆ ಬರೆದ ಪುಸ್ತಕದಲ್ಲಿದೆ. ಕೇಳಿದ ಕೂಡಲೇ ಕೊಡುವವರು ಯಾರೋ ಅವರ ಭಾಷೆಯಲ್ಲೇ ಕೇಳಲು ಕಲಿಸಬೇಕಲ್ಲವೇ? ತುಳು ಮನೆಯ ಮಗುವಿಗೆ ‘ಕೊರ್ಲ’, ಕೊಂಕಣಿ ಮನೆಯ ಮಗುವಿಗೆ ‘ದೀ’. ಶಾಲೆಯ ಕನ್ನಡ, ಇಂಗ್ಲಿಷ್ ಆಮೇಲೆ ಬರಲಿ. ಹೇಳಿಕೊಡುವವರಿಗೆ ತುಳು ಬಾರದಿದ್ದರೆ ಅವರು ಹತ್ತು ಶಬ್ದ ಕಲಿಯುವುದು ಮಗು ಹೊಸ ಭಾಷೆಯೊಂದನ್ನು ಕಲಿಯುವುದಕ್ಕಿಂತ ಬೇಗ ಆಗುವ ಕೆಲಸ.

ಬಹುಮಾನದ ವಿಷಯ ಸಣ್ಣದು, ಆದರೂ ಹೇಳಬೇಕು. ಬ್ಯಾರಿ ಮನೆಯ ಮಗುವಿಗೆ ಜೆಲಾಟಿನ್ ಹಾಕಿದ ಜೆಲ್ಲಿ ಮಿಠಾಯಿ, ಭಟ್ಟರ ಮನೆಯ ಮಗುವಿಗೆ ಮೊಟ್ಟೆ ಹಾಕಿದ ಕೇಕು ಕೊಟ್ಟು, ಆಮೇಲೆ ಗೊತ್ತಾಗಿ ಮನೆಯವರು ಬರುವುದನ್ನೇ ಬಿಟ್ಟರೆ ತಪ್ಪು ಯಾರದು? ಮೊದಲ ದಿನವೇ ಕೇಳಿಕೊಂಡರೆ ಮುಗಿಯಿತು. ರಂಜಾನ್ ತಿಂಗಳಲ್ಲಿ ಮನೆಯವರು ಏಳುವ, ಉಣ್ಣುವ, ಮಲಗುವ ಹೊತ್ತೆಲ್ಲ ಅದಲು ಬದಲಾಗುತ್ತದೆ. ಆಗ ಮಗು ರಚ್ಚೆ ಹಿಡಿಯುವುದನ್ನು ಹೊಸ ಸಮಸ್ಯೆ ಎಂದು ಬರೆದುಕೊಳ್ಳುವವರು ಕ್ಯಾಲೆಂಡರ್ ನೋಡುವುದು ಒಳ್ಳೆಯದು.

ಹಬ್ಬ, ನೇಮಗಳ ಮಾತು ಇನ್ನೂ ಆಳದ್ದು. ವರ್ಷಕ್ಕೊಮ್ಮೆ ಕುಟುಂಬದ ಮನೆಯಲ್ಲಿ ದೈವದ ನೇಮ. ಊರು ಬಿಟ್ಟವರೂ ಮುಂಬಯಿಯಿಂದ ಬಂದು ಸೇರುವ ದಿನ. ಡೋಲು, ತಾಸೆ, ನಡುರಾತ್ರಿ ಗರ್ನಾಲು. ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ ಮಗುವಿದ್ದ ತಾಯಿ ಆ ದಿನ ಮನೆಯಲ್ಲೇ ಉಳಿಯುತ್ತಾಳೆ. ಮರುವರ್ಷವೂ ಉಳಿಯುತ್ತಾಳೆ. ಮದುವೆಗೆ ಹೋಗುವುದು ನಿಲ್ಲುತ್ತದೆ, ಉರೂಸಿಗೆ ಹೋಗುವುದು ನಿಲ್ಲುತ್ತದೆ, ಇಗರ್ಜಿಯ ಹಬ್ಬಕ್ಕೆ ಹೋಗುವುದು ನಿಲ್ಲುತ್ತದೆ. ಕಡತದಲ್ಲಿ ಮಾತ್ರ “ಆರು ಬಣ್ಣ ಗುರುತಿಸಬೇಕು” ಎಂಬ ಗುರಿ ಇದೆ. ಆ ತಾಯಿಯನ್ನು ಯಾರಾದರೂ ಕೇಳಿದ್ದರೆ ಬಣ್ಣದ ಹೆಸರು ಅವಳ ಬಾಯಿಂದ ಬರುತ್ತಿರಲಿಲ್ಲ. “ನೇಮಕ್ಕೆ ಒಂದು ಗಂಟೆ ಹೋಗಿ ಬರುವ ಹಾಗೆ ಆದ್ರೆ ಸಾಕು” ಎನ್ನುತ್ತಿದ್ದಳು. ಇದು ಕಲಿಸಲಾಗದ ಗುರಿಯೇನೂ ಅಲ್ಲ. ಎರಡು ತಿಂಗಳ ಮೊದಲೇ ಡೋಲಿನ ಸದ್ದನ್ನು ಮೊಬೈಲಿನಲ್ಲಿ ಅತಿ ಮೆಲ್ಲಗೆ ಕೇಳಿಸಲು ಶುರು ಮಾಡಿ, ಮಗು ನಿರಾಳವಾಗಿದ್ದಷ್ಟೂ ಸ್ವಲ್ಪ ಸ್ವಲ್ಪ ಏರಿಸುವುದು. ಹಗಲು ಹೊತ್ತಿನಲ್ಲಿ ಖಾಲಿ ಗದ್ದೆಗೆ, ಚಪ್ಪರ ಹಾಕುವಾಗ, ದೀಪ ಕಟ್ಟುವಾಗ ಕರೆದುಕೊಂಡು ಹೋಗಿ ಬರುವುದು. ಕಿವಿಗೆ ಸದ್ದು ತಡೆಯುವ ಮಫ್. ಕೂರಲು ಹಿಂದಿನ ಸಾಲು, ಹೊರಗೆ ಹೋಗುವ ದಾರಿಯ ಪಕ್ಕದ ಜಾಗ. ಸಾಕು ಎಂದು ತೋರಿಸಲು ಒಂದು ಸನ್ನೆ, ಸನ್ನೆ ಮಾಡಿದ ಕೂಡಲೇ ಹೊರಗೆ. ಗರ್ನಾಲು ಸಿಡಿಸುವ ಹೊತ್ತು ಮೊದಲೇ ವಿಚಾರಿಸಿಕೊಂಡು ಅದಕ್ಕೆ ಮುಂಚೆ ಮನೆಗೆ. ಇದರಲ್ಲಿ ಪ್ರತಿಯೊಂದು ಹೆಜ್ಜೆಯೂ ಎಬಿಎ ಪುಸ್ತಕದಲ್ಲೇ ಇದೆ. ನೇಮ ಒಂದು ಮಾತ್ರ ಅಲ್ಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಗುವಿಗೆ ಹೀಗೇಕಾಯಿತು ಎಂಬ ಪ್ರಶ್ನೆ ಹೊತ್ತ ಮನೆಯವರು ಆಸ್ಪತ್ರೆಗೂ ಹೋಗುತ್ತಾರೆ, ಪ್ರಶ್ನೆ ಇಡುವವರ ಬಳಿಗೂ ಹೋಗುತ್ತಾರೆ. ಆಶ್ಲೇಷಾ ಬಲಿ, ದೈವಕ್ಕೆ ಹರಕೆ, ದರ್ಗಾದಲ್ಲಿ ಪ್ರಾರ್ಥನೆ, ನೊವೆನಾ. ಇದನ್ನು ಕೇಳಿ ನಗುವ ಥೆರಪಿಸ್ಟ್ ಮುಂದಿನ ವಾರ ಆ ಕುಟುಂಬವನ್ನು ಕಾಣುವುದಿಲ್ಲ. ಹರಕೆ ಹೊತ್ತವರು ಮನೆಪಾಠವನ್ನೂ ಶ್ರದ್ಧೆಯಿಂದ ಮಾಡಬಲ್ಲರು, ಎರಡಕ್ಕೂ ಜಗಳವಿಲ್ಲ. ಆದರೆ ಸ್ಪಂದನ ಎಂದರೆ ಎಲ್ಲಕ್ಕೂ ತಲೆಯಾಡಿಸುವುದಲ್ಲ. ಫಿಟ್ಸ್ ಬರುವ ಮಗುವಿನ ಮಾತ್ರೆ ನಿಲ್ಲಿಸಿ ನೂಲು ಮಾತ್ರ ಕಟ್ಟಿದರೆ, ಅದು ಅಪಾಯ ಎಂದು ಆ ದಿನವೇ ಹೇಳಬೇಕು. ಮಗುವನ್ನು ಕಂಬಕ್ಕೆ ಕಟ್ಟಿಹಾಕುವುದು, ಬರೆ ಹಾಕುವುದು ನಮ್ಮ ಪದ್ಧತಿ ಎಂದು ಯಾರೇ ಹೇಳಲಿ, ಅದಕ್ಕೆ ಒಪ್ಪಿಗೆ ಇಲ್ಲ. ಹುಡುಗನಾದರೆ ವಾರಕ್ಕೆ ಮೂರು ಸಲ ಮಂಗಳೂರಿಗೆ ಕರೆದೊಯ್ದು ಹುಡುಗಿಯಾದರೆ ಮನೆಯಲ್ಲೇ ಇರಿಸುವುದನ್ನೂ ಸಂಸ್ಕೃತಿಯ ಹೆಸರಲ್ಲಿ ಬಿಡಬಾರದು.

ಯಾರ ಒಪ್ಪಿಗೆ ಕೇಳಬೇಕು ಎಂಬುದನ್ನೂ ಮನೆಯಲ್ಲೇ ತಿಳಿದುಕೊಳ್ಳಬೇಕು. ಅರ್ಜಿಯಲ್ಲಿ ತಂದೆಯ ಸಹಿಗೆ ಜಾಗ ಇರುತ್ತದೆ. ಅಳಿಯಕಟ್ಟಿನ ಕುಟುಂಬಗಳಲ್ಲಿ ಆಸ್ತಿಯ ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ಸೋದರಮಾವನ ಮಾತಿನ ತೂಕ ಕಡಿಮೆಯಾಗಿಲ್ಲ. ಬ್ಯಾರಿ ಮನೆಯಲ್ಲಿ ತಂದೆ ದಮ್ಮಾಮಿನಲ್ಲೋ ದುಬೈಯಲ್ಲೋ ಇದ್ದರೆ ತೀರ್ಮಾನವಾಗುವುದು ರಾತ್ರಿಯ ವಿಡಿಯೋ ಕಾಲಿನಲ್ಲಿ. ಆ ಕಾಲಿಗೆ ಥೆರಪಿಸ್ಟ್ ಒಮ್ಮೆ ಸೇರಿಕೊಂಡರೆ ತಾಯಿಯೊಬ್ಬಳೇ ಎಲ್ಲವನ್ನೂ ಎಲ್ಲರಿಗೂ ವಿವರಿಸುವ ಹೊರೆ ತಪ್ಪುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಎಂಡೋಸಲ್ಫಾನ್ ಪೀಡಿತ ಮನೆಗಳಿಗೆ ಹೋಗುವವರು ಮತ್ತೊಂದನ್ನು ನೆನಪಿಡಬೇಕು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಆ ವಿಷವನ್ನು ನಿಷೇಧಿಸುವ ಮೊದಲೂ ಆಮೇಲೂ ಅಲ್ಲಿಗೆ ಫಾರಂ ಹಿಡಿದು ಹೋದವರು ಒಬ್ಬಿಬ್ಬರಲ್ಲ. ಇನ್ನೊಂದು ಫಾರಂ ಕಂಡು ಮನೆಯವರು ಮುಖ ತಿರುಗಿಸಿದರೆ ಅದಕ್ಕೆ ಕಾರಣ ಇದೆ.

ವಾರಕ್ಕೆ 40 ಗಂಟೆ ಎನ್ನುವುದು ಬೀಡಿ ಕಟ್ಟುವ ಮನೆಗೆ ಆಗದ ಮಾತು. ಮೆಲ್ಕಾರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅರ್ಧ ದಿನದ ದುಡಿಮೆ ಹೋಗುತ್ತದೆ. ಹಾಗಾದರೆ ಪರಿಣತರಲ್ಲದವರು, ಮನೆಗೇ ಹೋಗಿ, ಕಡಿಮೆ ಸಮಯದಲ್ಲಿ ಏನಾದರೂ ಮಾಡಲು ಸಾಧ್ಯವೇ? ಇದಕ್ಕೆ ಒಂದು ಉತ್ತರ ನಮ್ಮದೇ ಕರಾವಳಿಯಲ್ಲಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವಾಕ್ ತಜ್ಞರು ಬಳಸುತ್ತಿದ್ದ ಪೋಷಕರ ತರಬೇತಿಯೊಂದನ್ನು ಗೋವಾದ ಸಂಗಾತ್ ಸಂಸ್ಥೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ಸಂಶೋಧಕರು ಇಲ್ಲಿಗೆ ಹೊಂದಿಸಿಕೊಂಡು ‘ಪಾಸ್’ ಎಂಬ ಪ್ರಯೋಗ ನಡೆಸಿದರು. ಆಟಿಸಂ ಇರುವ 65 ಮಕ್ಕಳು ಅದರಲ್ಲಿದ್ದರು, ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂತು. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಎಬಿಎ ಅಲ್ಲ, ಸಂವಹನದ ತರಬೇತಿ. ತಾಯಿ ಮಗು ಆಡುವುದನ್ನು ವಿಡಿಯೋ ತೆಗೆದು, ಅದನ್ನೇ ತಾಯಿಯ ಜೊತೆ ಕೂತು ನೋಡಿ, ಮಗು ಎಲ್ಲಿ ಏನು ಹೇಳಲು ಯತ್ನಿಸಿತು ಎಂದು ತೋರಿಸಿಕೊಡುವುದು ಅದರ ಕ್ರಮ. ನಡೆಸಿಕೊಟ್ಟವರು ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು. ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು, ಪೋಷಕರು ಮಗುವಿನ ಲಯಕ್ಕೆ ಹೊಂದಿಕೊಂಡು ಉತ್ತರಿಸುವುದೂ ಹೆಚ್ಚಿತು. ಎಲ್ಲದರಲ್ಲೂ ಗೆದ್ದಿತು ಎಂದೇನಲ್ಲ. ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನ ಹಂಚಿಕೊಳ್ಳುವ ಸಮಯ ಕಡಿಮೆಯಾಯಿತು ಎಂದು ಅವರೇ ಬರೆದಿದ್ದಾರೆ.

ಅಂಥ ಕಾರ್ಯಕರ್ತರು ನಮ್ಮಲ್ಲಿ ಇಲ್ಲವೇ? ಇದ್ದಾರೆ, ಬೇರೆ ಬೇರೆ ಇಲಾಖೆಗಳಲ್ಲಿ ಚದುರಿಕೊಂಡಿದ್ದಾರೆ. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಶಿಕ್ಷಕರು. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣ ಅವರ ಹೊಣೆ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರು. ಅಂಗನವಾಡಿ, ಆಶಾ ಕಾರ್ಯಕರ್ತೆಯರು. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯ ಯೋಜನೆಯ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ತಪಾಸಣೆ ಮಾಡುತ್ತವೆ, ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತವೆ. ಕಾನೂನಿನ ಬೆಂಬಲವೂ ಇದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ನೆರವಿದೆ, ಅದರಲ್ಲಿ ಥೆರಪಿಯ ಖರ್ಚಿಗೂ ಪಾಲಿದೆ. ಮೇಲೆ ಹೇಳಿದ ಕಾರ್ಯಕರ್ತರಲ್ಲಿ ಬಹಳಷ್ಟು ಮಂದಿ ಇದೇ ತಾಲೂಕಿನವರು, ತುಳು, ಬ್ಯಾರಿ ಬಲ್ಲವರು, ಯಾವ ಮನೆಯ ಬಾಗಿಲಲ್ಲಿ ಏನು ಮಾತಾಡಬೇಕೆಂದು ಗೊತ್ತಿರುವವರು. ಅವರ ಕೈಯಲ್ಲಿ ಫಾರಂ, ಸಮೀಕ್ಷೆ, ಗುರುತಿನ ಚೀಟಿಯ ಕೆಲಸ ತುಂಬಿದೆ. ಮಗು ಯಾಕೆ ಕೂಗುತ್ತದೆ ಎಂದು ನೋಡುವ ತರಬೇತಿ ಅವರಿಗೆ ಸಿಕ್ಕಿದ್ದು ಕಡಿಮೆ. ಆ ತರಬೇತಿ ಪಡೆದ ನಗರದ ಥೆರಪಿಸ್ಟರಿಗೆ ಮನೆಯ ದಾರಿ ಗೊತ್ತಿಲ್ಲ. ಇಬ್ಬರೂ ತಿಂಗಳಿಗೊಮ್ಮೆ ಒಂದೇ ಜಗಲಿಯಲ್ಲಿ ಕೂರುವ ಹಾಗೆ ಮಾಡುವುದಕ್ಕೆ ಹೊಸ ಯೋಜನೆ ಬೇಕಿಲ್ಲ, ಇಲಾಖೆಗಳ ನಡುವೆ ಒಂದು ಸುತ್ತೋಲೆ ಸಾಕು.

ಅಲ್ಲಿಯವರೆಗೆ, ಹೊಸ ಕೇಂದ್ರಕ್ಕೆ ಮಗುವನ್ನು ಸೇರಿಸುವ ಮನೆಯವರು ಸಂಕೋಚಪಡದೆ ಕೆಲವು ವಿಷಯ ಕೇಳಬಹುದು. ಈ ಗುರಿಗಳನ್ನು ಯಾರು ಆರಿಸಿದರು, ಅದರಲ್ಲಿ ನಾವು ಹೇಳಿದ್ದು ಯಾವುದು? ಯಾವ ಭಾಷೆಯಲ್ಲಿ ಕಲಿಸುತ್ತೀರಿ? ಒಳಗೆ ಕೂತು ನೋಡಲು ಬಿಡುತ್ತೀರಾ? ಮಗು ಬೇಡ ಎಂದಾಗ ಏನು ಮಾಡುತ್ತೀರಿ? ಹೊಡೆಯುವುದು, ಕತ್ತಲೆ ಕೋಣೆಗೆ ಹಾಕುವುದು ಇದೆಯೇ? ಯೋಜನೆಯನ್ನು ಕನ್ನಡದಲ್ಲಿ ಬರೆದು ಕೊಡುತ್ತೀರಾ? ಮೊದಲ ಭೇಟಿಗೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಅಜ್ಜಿಗೆ ಕುರ್ಚಿ ಕೊಡುತ್ತಾರೋ, ಹೊರಗೆ ಕಾಯಿರಿ ಎನ್ನುತ್ತಾರೋ ನೋಡಿಕೊಳ್ಳಿ. ಉಳಿದ ಪ್ರಶ್ನೆಗಳನ್ನು ಆಮೇಲೆ ಕೇಳಿದರಾಯಿತು.